ಏಳನೇ ಹಾಡಿನ ಖಾಲಿ ಜಾಗ

ನಾನು ಇಪ್ಪತ್ತೈದು ವರ್ಷದಿಂದ ಸೇಡಂನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಿದ್ದೇನೆ. ಈ ಕೆಲಸದಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಯಾವ ವಸ್ತು ಕೆಟ್ಟರೂ ಅದಕ್ಕೊಂದು ಕಾರಣ ಇರಬೇಕು, ಸಾಲಾಗಿ ಹುಡುಕುತ್ತ ಹೋದರೆ ಅದು ಸಿಗಲೇಬೇಕು ಎಂದು ತಿಳಿದವಳು ನಾನು. ನನ್ನ ಗಂಡ ಇದನ್ನು ಹಟ ಎನ್ನುತ್ತಾರೆ. ಇರಲಿ. ಮಗಳ ಮದುವೆಗೆ ಮುಂಚಿನ ಒಂದು ತಿಂಗಳು ಒಂದು ಹಳೆಯ ಸೀಡಿ ಪ್ಲೇಯರ್ ನನ್ನನ್ನು ಎಷ್ಟು ಆಟ ಆಡಿಸಿತೆಂದರೆ, ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತಾಗಲೂ ನನ್ನ ತಲೆಯಲ್ಲಿ ಅದೇ ಗಿರಗಿರ ತಿರುಗುತ್ತಿತ್ತು.

ಮೊದಲು ನನ್ನ ಸೋದರತ್ತೆಯ ವಿಷಯ ಹೇಳಬೇಕು. ನಮ್ಮ ಅಪ್ಪನ ತಂಗಿ. ವಾಡಿ ಹತ್ತಿರದ ರಾವೂರಿನಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಮಾವ ತೀರಿಕೊಂಡು ಆರು ವರ್ಷವಾಯಿತು. ನಮ್ಮ ಬಳಗದಲ್ಲಿ ಮದುವೆಯೆಂದರೆ ಹಾಡು ಎತ್ತುವವಳು ಅತ್ತೆಯೇ. ಮದುವೆಗೆ ಮುಂಚೆ ಹೆಂಗಸರು ಕೂಡಿ ಬೀಸುವ ಕಲ್ಲಿನಲ್ಲಿ ಅರಿಶಿಣ ಬೀಸುತ್ತಾರಲ್ಲ, ಆಗ ಹಾಡುವ ಒಂದು ಉದ್ದನೆಯ ಹಾಡು ಅವಳಿಗೆ ಅವಳ ಅತ್ತೆಯಿಂದ ಬಂದಿತ್ತು. ಬೇರೆ ಯಾರಿಗೂ ಅದು ಪೂರ್ತಿ ಬರುವುದಿಲ್ಲ. ಉಳಿದವರೆಲ್ಲ ಅವಳು ಅಂದದ್ದನ್ನು ತಿರುಗಿ ಅನ್ನುವವರು. ಅತ್ತೆ ಸಾಲು ಎತ್ತಿ ಕೊಟ್ಟರೆ ಜೋರಾಗಿ ಹಾಡುತ್ತಾರೆ, ಮುಂದಿನ ಸಾಲು ಯಾವುದೆಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಎರಡು ವರ್ಷದ ಹಿಂದೆ ಅತ್ತೆಯ ಗಂಟಲಲ್ಲಿ ಗಡ್ಡೆ ಬೆಳೆಯಿತು. ಕಲಬುರಗಿಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಪಿಸುಮಾತೂ ಬರುವುದಿಲ್ಲ, ತುಟಿ ಮಾತ್ರ ಆಡುತ್ತವೆ. ಓದುಬರಹ ಮೊದಲಿನಿಂದಲೂ ಇಲ್ಲ.

ಮಗಳ ಮದುವೆ ಗೊತ್ತಾದ ಸುದ್ದಿ ಹೇಳಲು ನಾನು ರಾವೂರಿಗೆ ಹೋದಾಗ ಅತ್ತೆ ನನ್ನ ಎರಡೂ ಗಲ್ಲ ಸವರಿ ಲಟಿಗೆ ಮುರಿದಳು. ಆಮೇಲೆ ಎರಡೂ ಕೈಗಳನ್ನು ಕಲ್ಲಿನ ಗೂಟ ಹಿಡಿದ ಹಾಗೆ ಹಿಡಿದು ಗಾಳಿಯಲ್ಲಿ ತಿರುಗಿಸಿದಳು, ಬಾಯಿ ಮುಟ್ಟಿಕೊಂಡಳು, ಇಲ್ಲ ಎಂದು ಕೈ ಆಡಿಸಿದಳು. ಅದರ ಅರ್ಥ ಅವಳ ಸೊಸೆ ಬಿಡಿಸಿ ಹೇಳಿದಳು.

"ದಿನಾ ಇದೇ ಸಂಕಟ ಅದ ನೋಡ್ರಿ ಅಕ್ಕಾ. ಹಾಡು ನನ್ನ ಕೂಡೇ ಹೋಗತದ ಅಂತಾರ. ನನಗ ಕಲಸಬೇಕಂತ ತುಟಿ ಆಡಸ್ತಾರ. ನನಗ ಒಂದೂ ತಿಳಿಯಂಗಿಲ್ಲ."

ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಒಂದು ಸೀಡಿ ತಂದು ನನ್ನ ಕೈಗಿಟ್ಟಳು. ಅವಳ ಮಗಳ ಮದುವೆಯದು, ಸುಮಾರು ಇಪ್ಪತ್ತು ವರ್ಷ ಹಳೆಯದು. ವಾಡಿಯ ಸ್ಟುಡಿಯೋದವನೊಬ್ಬ ವಿಡಿಯೋ ಮಾಡುವ ಜೊತೆಗೆ ಹಾಡುಗಳನ್ನಷ್ಟೇ ಬೇರೆಯಾಗಿ ಒಂದು ಸೀಡಿಗೆ ಹಾಕಿ ಕೊಟ್ಟಿದ್ದನಂತೆ. ಮೇಲೆ ಮಾರ್ಕರಿನಲ್ಲಿ ಸಾಲಾಗಿ ಹನ್ನೊಂದು ಹಾಡಿನ ಹೆಸರು ಬರೆದಿದ್ದ. ಏಳನೆಯದು, 'ಅರಿಶಿಣ ಬೀಸೋದು'.

"ಅತ್ತಿ, ನೀ ಚಿಂತಿ ಮಾಡಬ್ಯಾಡ. ನಿನ್ನ ಹಾಡು ಪೂರಾ, ಒಂದ ಸಾಲೂ ಬಿಡಲಾರದಂಗ, ಈ ಮದಿವ್ಯಾಗ ಹಾಡಸ್ತೀನಿ" ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟವಳಿಗೆ ಮನೆಗೆ ಬಂದ ಮೇಲೆ ಗೊತ್ತಾಯಿತು, ಸೀಡಿ ಹಾಕಲು ಮನೆಯಲ್ಲಿ ಜಾಗವೇ ಇಲ್ಲ. ಮಗಳ ಲ್ಯಾಪ್‌ಟಾಪಿಗೆ ಆ ಬಾಯಿಯೇ ಇಲ್ಲ. ಹಳೆಯ ಡಿವಿಡಿ ಪ್ಲೇಯರನ್ನು ಗುಜರಿಗೆ ಹಾಕಿ ಯಾವ ಕಾಲವಾಯಿತೋ. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಒಯ್ದೆ. ಅಂಗಡಿಯವರು ಸೀಡಿ ಹಾಕಿ, ಎರಡು ನಿಮಿಷ ಪರದೆ ನೋಡಿ, ಹೊರಗೆ ತೆಗೆದು ಕೊಟ್ಟರು.

"ಇದ್ರಾಗ ಏನೂ ಇಲ್ರಿ ಮೇಡಂ. ಖಾಲಿ ಸೀಡಿ ಅದ."

"ಹನ್ನೊಂದು ಹಾಡವರಿ ಅದ್ರಾಗ" ಎಂದೆ.

"ನಮ್ಮ ಮಷೀನ್ ಖಾಲಿ ಅನ್ಲಿಕತ್ತದ" ಎಂದರು. ಅವರ ಜೊತೆ ವಾದ ಮಾಡಿ ಏನು ಪ್ರಯೋಜನ? ಅತ್ತೆ ಟ್ರಂಕಿನಲ್ಲಿ ಇಪ್ಪತ್ತು ವರ್ಷ ಖಾಲಿ ಸೀಡಿ ಇಟ್ಟುಕೊಂಡಿದ್ದಳೇ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದೆ.

ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, "ಆ ದುಂಡಂದು ಇತ್ತಲ್ಲ, ನೀ ಬಸ್ಸಿನಾಗ ಹಾಡು ಕೇಳ್ಕೋತ ಹೋಗ್ತಿದ್ದಿ, ಅದು ಎಲ್ಲಿ ಹೋಯ್ತು?" ಎಂದರು. ನನಗೆ ಅದು ನೆನಪೇ ಇರಲಿಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಚಿತ್ತಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಆಗ ಕೊಂಡ ಪ್ಲೇಯರ್, ಸಣ್ಣ ತಾಟಿನಷ್ಟು ಅಗಲ, ಕೈಚೀಲದಲ್ಲಿ ಹಿಡಿಸುವಂಥದ್ದು. ಅಟ್ಟದ ಮೇಲಿನ ಡಬ್ಬಿಯಲ್ಲಿ ಸಿಕ್ಕಿತು. ಒಳಗಿನ ಸೆಲ್ಲು ಸೋರಿ ಹಸಿರುಗಟ್ಟಿತ್ತು. ಚಾಕುವಿನ ತುದಿಯಿಂದ ಕೆರೆದು, ಹೊಸ ಸೆಲ್ ಹಾಕಿದೆ. ಪುಟ್ಟ ಪರದೆಯ ಮೇಲೆ ಏನೋ ಮೂಡಿ ಮಾಯವಾಯಿತು. ಯಾವ ಗುಂಡಿ ಒತ್ತಿದರೂ ಕಮಕ್ ಕಿಮಕ್ ಇಲ್ಲ. ಎರಡು ದಿನ ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡೆ. ಸತ್ತಿದ್ದರೆ ಪರದೆ ಯಾಕೆ ಬೆಳಗಬೇಕು, ಬದುಕಿದ್ದರೆ ಯಾಕೆ ಹಾಡುವುದಿಲ್ಲ? ಮೂರನೇ ದಿನ ಮಗಳು ಅದನ್ನು ತಿರುಗಿಸಿ ನೋಡಿ, ಅಂಚಿನಲ್ಲಿದ್ದ ಉಗುರಿನಷ್ಟು ಸ್ವಿಚ್ಚೊಂದನ್ನು ಆ ಕಡೆ ಸರಿಸಿದಳು.

"ಅವ್ವಾ, ಇದಕ್ಕ ಬೀಗ ಹಾಕ್ಯಾರ. ಚೀಲದಾಗ ಗುಂಡಿ ಒತ್ತಬಾರದಂತ."

ಆ ಬೀಗ ಹಾಕಿದವಳು ನಾನೇ, ಯಾವುದೋ ಬಸ್ಸಿನಲ್ಲಿ, ಯಾವ ಕಾಲದಲ್ಲೋ. ಮಗಳ ಮುಂದೆ ಹೇಳಿಕೊಳ್ಳಲಿಲ್ಲ.

ಸೀಡಿ ತಿರುಗಿತು. ಸ್ವಲ್ಪ ಹೊತ್ತು ಗೊರಗೊರ ಎಂದಿತು. ಆಮೇಲೆ ಕಿವಿಯೊಳಗೆ ಅತ್ತೆ ಹಾಡತೊಡಗಿದಳು. ಎರಡು ವರ್ಷದಿಂದ ಕೇಳದ ದನಿ. ನಾನು ಅಡುಗೆಮನೆಯ ಫರಸಿ ಕಲ್ಲಿನ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಕಂಪ್ಯೂಟರಿಗೆ ಖಾಲಿಯಾದದ್ದು ಇದಕ್ಕೆ ಹೇಗೆ ತುಂಬಿ ಕಂಡಿತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮುಂದಿನ ಭಾನುವಾರ ಒಂದು ಸಣ್ಣ ಸ್ಪೀಕರ್ ಜೊತೆ ಪ್ಲೇಯರನ್ನು ರಾವೂರಿಗೆ ಒಯ್ದೆ. ಚಿತ್ತಾಪುರದಿಂದ ನನ್ನ ತಂಗಿಯೂ ಬಂದಿದ್ದಳು. ಅವಳದು ಒಳ್ಳೆಯ ಕಂಠ. ಅತ್ತೆಯ ಜಾಗದಲ್ಲಿ ಹಾಡು ಎತ್ತುವವಳು ಅವಳೇ ಎಂದು ನಾವು ಠರಾಯಿಸಿದ್ದೆವು. ಅವಳು ನೋಟ್‌ಬುಕ್ ಹಿಡಿದು ಕೂತಳು, ನಾನು ಏಳನೇ ಹಾಡು ಹಚ್ಚಿದೆ. ನಾಲ್ಕು ಸಾಲು ಚೆನ್ನಾಗಿ ಬಂತು. ಐದನೆಯದಕ್ಕೆ ಅತ್ತೆಯ ದನಿ ತಡವರಿಸಿ, ಮುಂದೆಲ್ಲೋ ಹಾರಿ, ಮತ್ತೆ ಹಿಂದೆ ಬಂತು. ತೆಗೆದು ಒರೆಸಿ ಹಾಕಿದೆ. ಆಗ ಸರಿಯಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾರಿತು. ಅತ್ತೆ ನನ್ನ ಭುಜ ಮುಟ್ಟಿ ಹೊರಗೆ ಕೈ ತೋರಿಸಿದಳು. ಆಮೇಲೆ ಗೊತ್ತಾಯಿತು, ಊರಾಚೆಯ ಕಲ್ಲುಗಣಿಯಲ್ಲಿ ಮದ್ದು ಸಿಡಿಸುವ ಹೊತ್ತು ಅದು. ನಮ್ಮ ಕಿವಿಗೆ ದೂರದ ಗುಡುಗಿನಷ್ಟೇ ಕೇಳುತ್ತದೆ. ನೆಲದ ಫರಸಿ ಮಾತ್ರ ನಡುಗುತ್ತದೆ, ಫರಸಿಯ ಮೇಲಿದ್ದ ಪ್ಲೇಯರಿಗೆ ಆ ನಡುಕವೇ ಸಾಕು. ಪ್ಲೇಯರನ್ನು ದಿಂಬಿನ ಮೇಲೆ ಇಟ್ಟೆವು. ಹಾರುವುದು ನಿಂತಿತು. ಒಂದಕ್ಕೆ ಕಾರಣ ಸಿಕ್ಕಿತೆಂದು ನನಗೆ ಖುಷಿ.

ಆದರೆ ದಿಂಬಿನ ಮೇಲಿಟ್ಟ ಮೇಲೂ ಒಂದೊಂದು ಸಾಲು ಎರಡು ಸಲ, ಮೂರು ಸಲ ಬರುತ್ತಿತ್ತು. ಸೀಡಿ ಅಲ್ಲಿ ಎಡವುತ್ತಿದೆ ಎಂದುಕೊಂಡು ನಾನು ತಂಗಿಯ ನೋಟ್‌ಬುಕ್ಕಿನಲ್ಲಿ ಆ ಸಾಲುಗಳನ್ನು ಕೆಂಪು ಪೆನ್ನಿನಿಂದ ಹೊಡೆಯುತ್ತ ಹೋದೆ. ಅತ್ತೆ ಸ್ಟೀಲ್ ಲೋಟದಿಂದ ನೆಲ ಬಡಿದು ಬೇಡ ಬೇಡ ಎಂದಳು. ತಂಗಿಗೆ ತಡೆಯಲಾರದ ನಗು.

"ಅಕ್ಕಾ, ಅದು ಮಷೀನ್ ತಪ್ಪಲ್ಲ. ಅತ್ತಿ ಒಮ್ಮಿ ಅಂತಾಳ, ಹಿಂದಿನವರು ಎರಡ ಸಲ ಅಂತಾರ. ಹಾಡೋ ರೀತಿನೇ ಹಂಗದ. ನೀ ಲೆಕ್ಕದ ಪುಸ್ತಕ ತಿದ್ದಿದಂಗ ತಿದ್ದಬ್ಯಾಡ."

ಹಾಡು ತಿರುಗಿ ಬರುವುದು ಯಾವಾಗ ಸರಿ, ಯಾವಾಗ ತಪ್ಪು ಎಂದು ಗುರುತಿಸುವುದು ನನಗೆ ಆ ದಿನ ಪೂರ್ತಿ ಬರಲಿಲ್ಲ. ನನ್ನ ಕಿವಿಗೆ ಎರಡೂ ಒಂದೇ. ಸಂಜೆ ಅತ್ತೆಯನ್ನು ಕರೆದುಕೊಂಡೇ ಸೇಡಂಗೆ ಬಂದೆ. ಮದುವೆ ಮುಗಿಯುವ ತನಕ ನಮ್ಮಲ್ಲೇ ಇರಲಿ, ಇವಳು ಎದುರಿಗಿದ್ದರೆ ತಪ್ಪು ಒಪ್ಪು ಗೊತ್ತಾಗುತ್ತದೆ ಎಂಬ ಲೆಕ್ಕ ನನ್ನದು.

ಸೇಡಂಗೆ ಬಂದ ಮೇಲೆ ಪ್ಲೇಯರ್ ಬೇರೆ ವೇಷ ಹಾಕಿತು. ಏಳನೇ ಹಾಡು ಮುಗಿದರೆ ಎಂಟನೆಯದು ಬರಬೇಕಲ್ಲ? ಎರಡನೆಯದು ಬಂತು. ಆಮೇಲೆ ಹನ್ನೊಂದು, ಆಮೇಲೆ ನಾಲ್ಕು. ಮದುಮಗಳನ್ನು ಗಂಡನ ಮನೆಗೆ ಕಳಿಸುವ ಹಾಡು ಮೊದಲು, ಹಂದರ ಹಾಕುವ ಹಾಡು ಆಮೇಲೆ. ಅತ್ತೆ ಹಣೆ ಚಚ್ಚಿಕೊಂಡಳು. ಮಗಳು ಬಂದು ಯಾವುದೋ ಗುಂಡಿಯನ್ನು ಮೂರು ಸಲ ಒತ್ತಿ ಅದನ್ನು ಸರಿಮಾಡಿದಳು. ಹಾಡುಗಳನ್ನು ಇಸ್ಪೀಟಿನ ಎಲೆಯ ಹಾಗೆ ಕಲೆಸುವ ಗುಂಡಿಯಂತೆ. ಅಂಥದ್ದೊಂದು ಗುಂಡಿ ಯಾರಿಗಾದರೂ ಯಾಕೆ ಬೇಕು?

ಇನ್ನೊಂದು ದಿನ ಮುಚ್ಚಳದ ಹಟ. ಮುಚ್ಚಳ ಹಾಕಿದ್ದರೂ ತೆರೆದಿದೆ ಎಂದು ಪರದೆ ಹೇಳುತ್ತಿತ್ತು. ಬೆರಳಿನಿಂದ ಒತ್ತಿ ಹಿಡಿದರೆ ಹಾಡುತ್ತದೆ, ಬಿಟ್ಟರೆ ಬಂದ್. ಹಾಲಿನ ಪಾಕೀಟಿನ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿದೆ. ಚಾರ್ಜ್ ಆಗುವ ಸೆಲ್ ಹಾಕಿದರೆ ಎರಡೇ ಹಾಡಿಗೆ ಸುಸ್ತು, ಅಂಗಡಿಯ ಸಾದಾ ಸೆಲ್ ಹಾಕಿದರೆ ಇಡೀ ದಿನ. ವೈರ್ ಹಚ್ಚಿ ಕರೆಂಟಿನಿಂದ ನಡೆಸಿದರೆ ಅತ್ತೆಯ ದನಿಯ ಹಿಂದೆ ಒಂದು ಜೀರುಂಡೆ. ಸುಮ್ಮನೆ ಮಲಗಿಸಿ ಇಟ್ಟರೆ ಒಮ್ಮೊಮ್ಮೆ ಸೀಡಿಯೇ ಇಲ್ಲ ಎನ್ನುತ್ತದೆ, ಗೋಡೆಗೆ ಆನಿಸಿ ನಿಲ್ಲಿಸಿದರೆ ಇದೆ ಎನ್ನುತ್ತದೆ. ನಾನು ಶಾಲೆಯಿಂದ ಬಂದವಳೇ ಒಂದು ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆದಿಡುತ್ತಿದ್ದೆ. ಬರೆದದ್ದನ್ನು ಮರುದಿನ ಪ್ಲೇಯರೇ ಸುಳ್ಳು ಮಾಡುತ್ತಿತ್ತು.

ಕೊನೆಗೆ ಸ್ಟೇಷನ್ ರೋಡಿನಲ್ಲಿ ರೇಡಿಯೋ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ಅವರು ರಬ್ಬರ್ ಬ್ಯಾಂಡ್ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಒಳಗಿನ ಕಡಲೆಯಷ್ಟು ಗಾಜನ್ನು ತೋರಿಸಿದರು.

"ಮನಶ್ಯಾರಂಗ ಇದಕ್ಕೂ ಒಂದ ಕಣ್ಣದ ನೋಡ್ರಿ ಅಕ್ಕೋರೆ. ಧೂಳ ಕುಂತು ಮಂಜಾಗ್ಯಾದ. ಅದಕ್ಕ ಒಮ್ಮಿ ಕಾಣತದ, ಒಮ್ಮಿ ಕಾಣಂಗಿಲ್ಲ."

ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎರಡು ಸಲ ಒರೆಸಿದರು. ಮನೆಗೆ ಬಂದು ಹಾಕಿದರೆ ಪ್ಲೇಯರ್ ಹೊಸದರ ಹಾಗೆ ಹಾಡಿತು. ಮಲಗಿಸಿದರೂ ಹಾಡಿತು, ನಿಲ್ಲಿಸಿದರೂ ಹಾಡಿತು. ನನಗೆ ಯುದ್ಧ ಗೆದ್ದಷ್ಟು ಸಮಾಧಾನ. ತಂಗಿಯನ್ನೂ ಓಣಿಯ ನಾಲ್ಕು ಹೆಂಗಸರನ್ನೂ ಕರೆದು, ಅತ್ತೆಯನ್ನು ನಡುವೆ ಕೂರಿಸಿ, ಏಳನೇ ಹಾಡು ಮೊದಲಿನಿಂದ ಕೇಳಿಸಿದೆ.

ಎಲ್ಲ ಸರಿ ಇತ್ತು, ಒಂದು ಜಾಗದ ಹೊರತು. ಹಾಡಿನ ನಡುಮಧ್ಯದಲ್ಲಿ 'ಹಾಲಗಂಬ ನೆಟ್ಟಾನ, ಹಸಿರ ಹಂದರ ಹಾಕ್ಯಾನ' ಎಂದು ಅತ್ತೆ ಎಳೆದು ಹಾಡುತ್ತಾಳೆ. ಅಷ್ಟಕ್ಕೆ ದನಿ ನಿಲ್ಲುತ್ತದೆ. ಅತ್ತೆಯದಷ್ಟೇ ಅಲ್ಲ, ಹಿಂದಿನವರ ದನಿಯೂ ಇಲ್ಲ, ಅಲ್ಲಿಯವರೆಗೆ ಗರಗರ ಕೇಳುತ್ತಿದ್ದ ಬೀಸುವ ಕಲ್ಲಿನ ಸದ್ದೂ ಇಲ್ಲ. ಸಾವಕಾಶವಾಗಿ ಏಳರ ತನಕ ಎಣಿಸಬಹುದು, ಅಷ್ಟು ಹೊತ್ತು. ಆಮೇಲೆ ಗೀರು ಬಿದ್ದಂಥ ಸಣ್ಣದೊಂದು 'ಕಿಸಕ್' ಸದ್ದು. ಕೂಡಲೇ ಕಲ್ಲು ತಿರುಗಿ, ಅತ್ತೆ ಬೇರೆಯೇ ಸಾಲು ಹಿಡಿದಿರುತ್ತಾಳೆ.

ಅಲ್ಲಿ ಏನೋ ಉದುರಿಹೋಗಿದೆ ಎಂದು ನನಗೆ ಖಾತ್ರಿಯಾಯಿತು. ಒಂದು ನುಡಿಯೋ, ಎರಡೋ. ಒಂದ ಸಾಲೂ ಬಿಡಲಾರದಂಗ ಎಂದು ಮಾತು ಕೊಟ್ಟವಳು ನಾನು. ಸೀಡಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಗೀರಿಲ್ಲ. ಹತ್ತು ಸಲ ಕೇಳಿದೆ, ಹತ್ತು ಸಲವೂ ಅದೇ ಜಾಗ, ಅಷ್ಟೇ ಹೊತ್ತು. ಕೆಟ್ಟ ಯಂತ್ರ ಇಷ್ಟು ನಿಯತ್ತಿನಿಂದ ಕೆಡುತ್ತದೆಯೇ? ಇನ್ನೂ ಗೊಂದಲವೆಂದರೆ ಪರದೆಯ ಮೇಲಿನ ಸೆಕೆಂಡುಗಳು. ಹಾಡು ನಿಂತಿರುವಾಗಲೂ ಅವು ಒಂದೊಂದಾಗಿ ಮುಂದೆ ಹೋಗುತ್ತಲೇ ಇರುತ್ತಿದ್ದವು. ಮತ್ತೆ ಸ್ಟೇಷನ್ ರೋಡಿಗೆ ಹೋದೆ. ಆ ಹಿರಿಯರು ಕೇಳಿದರು, ಪರದೆ ನೋಡಿದರು.

"ಟೈಮ್ ಓಡಾಕತ್ತದಲ್ರಿ. ಮಷೀನ್ ಬರೋಬ್ಬರ್ ಓದಾಕತ್ತದ. ಖಾಲಿ ಇದ್ದದ್ದು ಖಾಲಿ ಅಂತ ಓದಾಕತ್ತದ."

"ಹಾಡಿನ ನಡುವ ಖಾಲಿ ಹ್ಯಾಂಗ ಇರತದರಿ?" ನನ್ನ ದನಿ ಸ್ವಲ್ಪ ಏರಿತ್ತು.

"ಅದು ನನಗ ಹ್ಯಾಂಗ ಗೊತ್ತಾಗಬೇಕು ಅಕ್ಕೋರೆ? ಹಾಡಿದವರಿಗೆ ಕೇಳ್ರಿ."

ಹಾಡಿದವಳಿಗೆ ದನಿ ಇಲ್ಲ ಎಂದು ಅವರಿಗೆ ಹೇಳುವಷ್ಟು ತಾಳ್ಮೆ ನನಗೆ ಇರಲಿಲ್ಲ. ಮನೆಗೆ ಬಂದು ಕೇಳಿದೆ. "ಅತ್ತಿ, ಇಲ್ಲಿ ಏನ್ ಬರತದ? ತುಟಿ ಆಡಸು, ನಾ ಬರಕೊಳ್ತೀನಿ." ಅಷ್ಟು ದಿನಗಳಲ್ಲಿ ನನಗೆ ಅವಳ ತುಟಿ ಸ್ವಲ್ಪ ಸ್ವಲ್ಪ ತಿಳಿಯತೊಡಗಿತ್ತು. ನೀರು, ಚಹಾ, ಬಾ, ಸಾಕು, ಮನೆಯವರ ಹೆಸರುಗಳು. ಆದರೆ ಅತ್ತೆ ತುಟಿ ಆಡಿಸಲಿಲ್ಲ. ಎರಡು ಬೆರಳಿನಿಂದ ಕೊರಳು ಮುಟ್ಟಿಕೊಂಡಳು, ಬೆರಳನ್ನು ಎದೆಯ ತನಕ ಇಳಿಸಿದಳು, ಸೆರಗು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಮತ್ತೆ ಕೇಳಿದೆ. ಮತ್ತೆ ಅದೇ ಕೊರಳು, ಅದೇ ಗೋಡೆ.

ಆಪರೇಷನ್ ಆದ ಜಾಗದಲ್ಲಿ ಮತ್ತೆ ನೋವು ಶುರುವಾಗಿದೆ, ಹೇಳಲಾರದೆ ಸಹಿಸಿಕೊಂಡಿದ್ದಾಳೆ ಎಂದುಕೊಂಡೆ. ಮರುದಿನ ರಜೆ ಹಾಕಿ, ಬೇಡವೆಂದರೂ ಕೇಳದೆ, ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಕೊರಳಿನ ಬಟ್ಟೆ ಸರಿಸಿ, ಟಾರ್ಚ್ ಹಾಕಿ ನೋಡಿ, "ಭಾಳ ಛಲೋ ಅದರಿ. ಯಾಕ ಕರಕೊಂಡು ಬಂದೀರಿ?" ಎಂದು ಕೇಳಿದರು. ಆಟೋದಲ್ಲಿ ಅತ್ತೆ ದಾರಿಯುದ್ದಕ್ಕೂ ನನ್ನ ಹಣೆಯನ್ನು ಬೆರಳಿನಿಂದ ಕುಟ್ಟಿದಳು, ನಿನ್ನ ತಲೆಯಲ್ಲಿ ಏನಿದೆ ಎಂಬಂತೆ.

ಮದುವೆ ಹತ್ತಿರ ಬಂದಂತೆ ನನ್ನ ಸಿಟ್ಟು ಹೆಚ್ಚಿತು. ಕಲಿಯುವವರಿಗೆ ಆ ಜಾಗದಲ್ಲಿ ಏನು ಹೇಳಬೇಕು? ಸೀಡಿ ಬರೆಯುವಾಗ ಉದುರಿತೋ, ಮೈಕು ಕೈಕೊಟ್ಟಿತೋ ಎಂದು ವಾಡಿಗೆ ಹೋಗಿ ಆ ಸ್ಟುಡಿಯೋ ಹುಡುಕಿದೆ. ಅದು ಈಗ ಮೊಬೈಲ್ ಅಂಗಡಿ. ಮೊದಲಿನವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಆ ಸಂಜೆ ಎಲ್ಲರೂ ಕೂತಿರುವಾಗ ನಾನು ಬಾಯಿ ಬಿಟ್ಟೆ.

"ಅತ್ತಿ, ಖರೆ ಹೇಳು. ಆ ದಿನ ಅಲ್ಲಿ ನಿನಗ ಸಾಲು ಮರತಿತ್ತೇನು? ಮರತಿದ್ರ ಮರತೀನಿ ಅನ್ನು. ನಾ ಸುಮ್ಮ ಮಷೀನ್ ಹಿಡಕೊಂಡು ಊರೂರು ತಿರಗಾಕತ್ತೀನಿ."

ಅತ್ತೆ ನನ್ನನ್ನೇ ನೋಡಿದಳು. ಜೀವಮಾನದಲ್ಲಿ ಒಂದು ಸಾಲು ಮರೆಯದವಳಿಗೆ ನಾನು ಹಾಗೆ ಕೇಳಬಾರದಿತ್ತು. ಅವಳು ಎದ್ದು ಒಳಗೆ ಹೋಗಿ ಮಲಗಿದಳು, ಮರುದಿನ ಹಾಡು ಕಲಿಯುವ ಹೊತ್ತಿಗೆ ಹೊರಗೆ ಬರಲಿಲ್ಲ. ನನಗೆ ನಾಚಿಕೆಯಾಯಿತು. ಚಹಾ ಒಯ್ದು ಪಕ್ಕದಲ್ಲಿ ಕೂತೆ. ಅವಳು ನನ್ನ ಕೈ ಹಿಡಿದು, ಬಿಡು ಎನ್ನುವ ಹಾಗೆ ಅಂಗೈ ಆಡಿಸಿದಳು. ಸೋತು ಬಿಡು ಎನ್ನುತ್ತಿದ್ದಾಳೆ ಎಂದು ನಾನು ತಿಳಿದೆ. ಅದರಿಂದ ಇನ್ನೂ ಸಂಕಟವಾಯಿತು.

ದಾರಿ ತೋರಿಸಿದ್ದು ತಂಗಿ. "ಇರಲಿ ಬಿಡು ಅಕ್ಕಾ. ಇದ್ದದ್ದು ಇದ್ದಂಗ ಹಾಡ್ತೀವಿ. ಅಲ್ಲಿ ಜರಾ ನಿಂದ್ರತೀವಿ, ಮತ್ತ ಎತ್ತತೀವಿ" ಎಂದಳು. ಹಾಗೇ ಕಲಿತರು. 'ಹಂದರ ಹಾಕ್ಯಾನ' ಎಂದೊಡನೆ ಐದೂ ಹೆಂಗಸರು ಬಾಯಿ ಮುಚ್ಚಿ, ಕೈ ನಿಲ್ಲಿಸಿ, ಏಳು ಎಣಿಸಿ, ಮತ್ತೆ ಶುರು ಮಾಡುವರು. ಹದಿನೈದು ದಿನ ಅದೇ ತಾಲೀಮು. ನಾನು ಪಕ್ಕದಲ್ಲಿ ಕೂತು, ಇವರು ಹಾಡು ಕಲಿಯುತ್ತಿದ್ದಾರೋ ಸೀಡಿಯ ರೋಗ ಕಲಿಯುತ್ತಿದ್ದಾರೋ ಎಂದು ತಲೆ ಕೆರೆದುಕೊಳ್ಳುತ್ತಿದ್ದೆ.

ಅರಿಶಿಣ ಬೀಸುವ ಹಿಂದಿನ ದಿನ ಚಿಂಚೋಳಿಯಿಂದ ಅವ್ವ ಬಂದಳು. ಅವಳು ಅಲ್ಲಿ ನನ್ನ ಅಣ್ಣನ ಮನೆಯಲ್ಲಿ ಇರುತ್ತಾಳೆ. ಕೈಕಾಲು ತೊಳೆದು ಅತ್ತೆಯ ಪಕ್ಕ ಕೂತು ಒಬ್ಬರ ಮೊಣಕಾಲು ಒಬ್ಬರು ತಿಕ್ಕಿಕೊಳ್ಳುತ್ತಿರುವಾಗ, ಒಳಕೋಣೆಯಲ್ಲಿ ತಂಗಿ ಕೊನೆಯ ಸಲ ಎಂದು ಸೀಡಿ ಹಚ್ಚಿದಳು. ಆ ಜಾಗ ಬಂತು. ದನಿ ನಿಂತಿತು. 'ಕಿಸಕ್' ಎಂದಿತು. ಅವ್ವ ನಗಲು ಶುರು ಮಾಡಿದವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಆ ಕಿಸಕ್ ಅಂದಾಕಿ ನಾನೇ ನೋಡ" ಎಂದಳು.

ನಾನು ಅವ್ವನ ಮುಂದೆ ಕುಕ್ಕರಿಸಿ ಕೂತೆ. "ಅಲ್ಲಿ ಏನ್ ಆಗ್ಯಾದ ಅವ್ವಾ? ಯಾವ ಸಾಲು ಹೋಗ್ಯಾದ?"

"ಯಾವ ಸಾಲೂ ಹೋಗಿಲ್ಲ. ಹಂದರ ಹಾಕಿದಾವನ ಹೆಸರು ಬರತದಲ್ಲಿ. ಹೆಣ್ಣಿನ ಅಪ್ಪಂದು. ಅಕಿ ಮಗಳ ಮದಿವ್ಯಾಗ ಅಂದ್ರ ಅಕಿ ಗಂಡಂದು. ಗಂಡನ ಹೆಸರು ಅಕಿ ಹ್ಯಾಂಗ ಹೇಳತಾಳ? ಅಂಥಲ್ಲಿ ಹಿಂದಿನವರು ನಾವೇ ಹೇಳಬೇಕು. ಆ ದಿನ ನಾವೆಲ್ಲಾ ಮಾತಾಡಿಕೊಂಡು, ಬೀಸೋದೂ ನಿಂದ್ರಿಸಿ ಗಪ್ಪ ಕುಂತೆವು. ಹೇಳತಾಳೇನು ನೋಡಮು ಅಂತ. ಹೇಳಲಿಲ್ಲ. ಸೀದಾ ಮುಂದಿನ ಸಾಲಿಗೆ ಹೋದಳು ಹುಷಾರಿ. ನನಗ ನಗಿ ತಡೀಲಿಲ್ಲ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅವಳ ಭುಜ ಕುಣಿಯುತ್ತಿದ್ದವು. ನಗು ಮೊದಲು, ಆಮೇಲೆ ಅಳು, ಎರಡಕ್ಕೂ ಸದ್ದಿಲ್ಲ. ಅವಳು ಮತ್ತೆ ಎರಡು ಬೆರಳಿನಿಂದ ಕೊರಳು ಮುಟ್ಟಿ ಎದೆಯ ತನಕ ಇಳಿಸಿದಳು. ಅದು ತಾಳಿ. ಆರು ವರ್ಷದಿಂದ ಅಲ್ಲಿ ಇಲ್ಲದ ತಾಳಿ. ನಾನು ಅದನ್ನು ಡಾಕ್ಟರಿಗೆ ತೋರಿಸಿದ್ದೆ.

"ಇಷ್ಟ ದಿನ ಫೋನಿನಾಗ ಯಾಕ ಹೇಳಲಿಲ್ಲ ಅವ್ವಾ?" ಎಂದು ರೇಗಿದೆ.

"ನೀ ಫೋನಿನಾಗ ಸೆಲ್ಲು, ಮುಚ್ಚಳ, ಮಷೀನು ಅಂತಿದ್ದಿ. ನನಗೇನ್ ತಿಳೀತದ ಅದು? ಹಾಡಿನ ಮಾತು ಕೇಳಿದ್ರ ಹೇಳ್ತಿದ್ದೆ."

ಇದನ್ನು ಓದುತ್ತಿರುವವರಿಗೆ ಮೊದಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಸೋದರಮಾವನ ಹೆಸರು, ಅಣ್ಣತಮ್ಮಂದಿರ ಹೆಸರು ಆ ಹಾಡಿನಲ್ಲಿ ಬರುವುದನ್ನು ಈ ಮದುವೆಗೆ ತಕ್ಕ ಹಾಗೆ ನಾನೇ ತಂಗಿಗೆ ಬದಲಿಸಿ ಕೊಟ್ಟಿದ್ದೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಗ್ಯಾಸಿನವನ ಫೋನಿನಲ್ಲಿ ನನ್ನ ಗಂಡನ ಹೆಸರನ್ನು ದಿನಕ್ಕೆ ನಾಲ್ಕು ಸಲ ಹೇಳುವ ನನಗೆ, ಹೇಳಲಾಗದ ಹೆಸರು ಎಂಬುದೊಂದು ಇರುತ್ತದೆ ಎನ್ನುವುದು ತಲೆಗೇ ಹೋಗಲಿಲ್ಲ. ಆಗ ಒಂದು ನೆನಪಾಯಿತು. ಆಪರೇಷನ್ನಿಗೆ ಮುಂಚೆ, ದನಿ ಇನ್ನೂ ಇದ್ದಾಗ, ಆಸ್ಪತ್ರೆಯ ಫಾರಂ ತುಂಬುವವರು ಗಂಡನ ಹೆಸರೇನು ಎಂದು ಕೇಳಿದ್ದರು. ಮಾವ ಸತ್ತು ನಾಲ್ಕು ವರ್ಷವಾಗಿತ್ತು. ಅತ್ತೆ ನನ್ನ ಕಡೆ ತಿರುಗಿ ನೋಡಿದಳು, ನಾನು ಹೇಳಿದೆ, ಅವರು ಬರೆದುಕೊಂಡರು.

ತಂಗಿ ನೋಟ್‌ಬುಕ್ ತೆಗೆದು ಆ ಖಾಲಿ ಜಾಗದಲ್ಲಿ ನನ್ನ ಗಂಡನ ಹೆಸರು ಬರೆದಳು. ಈ ಮದುವೆಯ ಹೆಣ್ಣಿನ ಅಪ್ಪ ಅವರೇ ತಾನೆ. ಉಳಿದ ನಾಲ್ವರನ್ನೂ ಕೂರಿಸಿ ಹೇಳಿದಳು, ನಾಳೆ ಅಲ್ಲಿ ನಿಲ್ಲಬೇಡಿ, ಈ ಹೆಸರು ಹಾಕಿ ಎಂದು. ಹಾಡು ಪೂರ್ತಿಯಾಯಿತೆಂದು ನಾನು ನಿಟ್ಟುಸಿರು ಬಿಟ್ಟು, ಪ್ಲೇಯರಿನ ಸೆಲ್ ತೆಗೆದು ಕಪಾಟಿನಲ್ಲಿ ಇಟ್ಟೆ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಬೀಸುವ ಕಲ್ಲಿಗೆ ಸುಣ್ಣ, ಕೆಮ್ಮಣ್ಣು ಬಳಿದು ಅರಿಶಿಣದ ಕೊಂಬು ಕಟ್ಟಿದೆವು. ಗಂಡನಿಲ್ಲದ ಹೆಂಗಸು ಅಲ್ಲಿ ಕೂರುವುದು ಬೇಡವೆಂದು ಅತ್ತೆ ತಾನಾಗಿಯೇ ಹೊಸ್ತಿಲಾಚೆ ಕೂತಿದ್ದಳು. ನನಗೆ ಮೈ ಉರಿಯಿತು. ನಾನು ಏಳುವ ಮೊದಲೇ ಅವ್ವ ಹೋಗಿ ಅವಳ ರಟ್ಟೆ ಹಿಡಿದು ತಂದು ಕಲ್ಲಿನ ಪಕ್ಕ ಕೂರಿಸಿದಳು. ಒಬ್ಬಿಬ್ಬರು ಮುಖ ಗಂಟು ಹಾಕಿದರು. ತಂಗಿ ಹಾಡು ಎತ್ತಿದಳು. ನಾನು ಕಲ್ಲಿಗೆ ಅರಿಶಿಣದ ಚೂರು ಹಾಕುತ್ತ ಅತ್ತೆಯ ಎದುರಿಗೆ ಕೂತಿದ್ದೆ. ಪ್ರತಿ ಸಾಲಿಗೂ ಅವಳ ತುಟಿ ತಂಗಿಗಿಂತ ಒಂದು ಗಳಿಗೆ ಮುಂದಾಗಿ ಆಡುತ್ತಿದ್ದವು. ಸೋದರಮಾವ ಬಂದ, ಅಣ್ಣತಮ್ಮಂದಿರು ಬಂದರು, ಹಾಲಗಂಬ ನೆಟ್ಟಾಯಿತು.

'ಹಸಿರ ಹಂದರ ಹಾಕ್ಯಾನ' ಎಂದಳು ತಂಗಿ, ಮತ್ತು ನಿಂತಳು. ಉಳಿದ ನಾಲ್ವರೂ ನಿಂತರು. ಕಲ್ಲೂ ನಿಂತಿತು. ಹದಿನೈದು ದಿನದ ರೂಢಿ, ಒಂದು ಸಂಜೆಯ ಮಾತಿನಿಂದ ಹೋಗುವುದೇ? ತಂಗಿ ನಾಲಿಗೆ ಕಚ್ಚಿಕೊಂಡು ನನ್ನ ಕಡೆ ನೋಡಿದಳು. ಉಳಿದವರು ಒಳಗೊಳಗೇ ಏಳು ಎಣಿಸುತ್ತಿದ್ದರು. ನಾನು ಏನು ಮಾಡಬೇಕೆಂದು ತೋಚದೆ ಅತ್ತೆಯ ಮುಖ ನೋಡಿದೆ.

ಅತ್ತೆ ಯಾರನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಕಲ್ಲಿನ ಮೇಲಿತ್ತು. ತುಟಿ ಆಡಿದವು, ಸಾವಕಾಶವಾಗಿ. ನನ್ನ ಗಂಡನ ಹೆಸರಿಗೆ ತುಟಿ ತುಟಿಗೆ ಮುಟ್ಟುವುದಿಲ್ಲ, ಅದು ನನಗೆ ಗೊತ್ತು. ಇದರಲ್ಲಿ ಮೊದಲಿಗೊಮ್ಮೆ, ಕೊನೆಗೊಮ್ಮೆ ಮುಟ್ಟಿದವು. ಆಸ್ಪತ್ರೆಯ ಫಾರಂಗೆ ನಾನು ಹೇಳಿ ಬರೆಸಿದ್ದ ಹೆಸರು ಅದು. ಒಮ್ಮೆ ಹೇಳಿದಳು, ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಹಿಂದಿನವರು ತಿರುಗಿ ಅನ್ನುವ ಹಾಗೆ ಇನ್ನೂ ಎರಡು ಸಲ ಹೇಳಿದಳು.

ಅದನ್ನು ಹೇಳಿದ್ದು ಎನ್ನಬಹುದೋ ಇಲ್ಲವೋ ನನಗೆ ತಿಳಿಯದು. ಯಾರ ಕಿವಿಗೂ ಬೀಳಲಿಲ್ಲ. ಅತ್ತೆ ಚಪ್ಪಾಳೆ ತಟ್ಟಿ ಮುಂದೆ ನಡೆಸು ಎಂದು ತಂಗಿಗೆ ಕೈ ಮಾಡಿದಳು, ಕಲ್ಲು ತಿರುಗಿತು, ನಾನು ಅರಿಶಿಣ ಹಾಕುವುದನ್ನು ಮರೆತು ಕೂತೇ ಇದ್ದೆ.